ಗೆರ್ಲಾಂ ಸುಗಂಧಗಳಲ್ಲಿ ಮೊದಲು ಯಾವುದನ್ನು ಕೊಳ್ಳಬೇಕು? ಶಾಲಿಮಾರ್, ಮಿತ್ಸುಕೊ, ವೆಟಿವೇರ್ ಮತ್ತು ಉಳಿದವು

ಬಕುಳ

ಕೆಲಸದ ಮೇಲೆ ಪ್ಯಾರಿಸ್‌ಗೆ ಹೋಗುವುದಿದೆ. ಅಲ್ಲಿಯ ಸುಗಂಧ ಕಂಪನಿ ಗೆರ್ಲಾಂನ ಎರಡು ಬಾಟಲಿ ತರುವ ಯೋಚನೆ: ನನಗೊಂದು, ನಮ್ಮ ಮನೆಯವರಿಗೊಂದು. ಹಾಕಿಕೊಳ್ಳುವುದು ಬೆಂಗಳೂರಿನ ಎಸಿ ಆಫೀಸಿನಲ್ಲಿ, ಮದುವೆ ಮನೆಗಳಲ್ಲಿ, ಮೇ ತಿಂಗಳಲ್ಲಿ ಉಡುಪಿಯಲ್ಲಿ. ತೀರಾ ಸಿಹಿಯಾದರೆ ನನಗೆ ಆಗದು. ಅವರಿಗೆ ಲಾವಂಚ, ನಿಂಬೆಯಂಥದ್ದು ಇಷ್ಟ. ಶಾಲಿಮಾರ್, ಮಿತ್ಸುಕೊ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಒಂದೇ ಹೆಸರಿನಲ್ಲಿ ಇಡಿಟಿ (ಓ ದ ಟಾಯ್ಲೆಟ್), ಇಡಿಪಿ (ಓ ದ ಪರ್ಫಮ್), ಎಕ್ಸ್‌ಟ್ರೇ ಎಂದು ಮೂರು ಬಗೆ ಬರುತ್ತವೆ. ಬೆಲೆ ಜಾಸ್ತಿ ಇರುವುದೇ ಮೇಲೇ? ಅಂಗಡಿಯಲ್ಲಿ ಅರ್ಧ ದಿನ ಕಳೆಯಬಹುದು. ಹೇಗೆ ಪರೀಕ್ಷಿಸಬೇಕು, ಯಾವುದನ್ನು ಬಿಡಬೇಕು, ತಿಳಿದವರು ಹೇಳಿ.

ಲಾವಂಚದ ಬೇರು

ಬಕುಳ ಅವರೇ, ಬೆಲೆಯ ಪ್ರಶ್ನೆ ಮೊದಲು. ಒಂದೇ ಕಷಾಯವನ್ನು ತೆಳು ಮಾಡಿದರೆ ಇಡಿಟಿ, ಗಟ್ಟಿ ಮಾಡಿದರೆ ಎಕ್ಸ್‌ಟ್ರೇ ಅಂದುಕೊಳ್ಳಬೇಡಿ. ಸಾಮಾನ್ಯ ಲೆಕ್ಕದಲ್ಲಿ ಇಡಿಟಿಯಲ್ಲಿ ಶೇ. 5ರಿಂದ 15, ಇಡಿಪಿಯಲ್ಲಿ 15ರಿಂದ 20, ಎಕ್ಸ್‌ಟ್ರೇಯಲ್ಲಿ 20ರಿಂದ 30ರಷ್ಟು ಸುಗಂಧ ತೈಲ ಇರುತ್ತದೆ, ನಿಜ. ಆದರೆ ಗೆರ್ಲಾಂನ ಹಳೆಯ ಹೆಸರುಗಳಲ್ಲಿ ಬಗೆ ಬದಲಾದರೆ ಒಳಗಿನ ತೂಕವೇ ಬದಲಾಗುತ್ತದೆ. ಶಾಲಿಮಾರ್ ಇಡಿಟಿಯಲ್ಲಿ ಬರ್ಗಮೊಟ್ (ನಿಂಬೆ ಜಾತಿಯ ಒಂದು ಹಣ್ಣು) ಮತ್ತು ಹೊಗೆ ಮುಂದೆ. ಇಡಿಪಿಯಲ್ಲಿ ವೆನಿಲ್ಲಾ ಮುಂದೆ. ಎಕ್ಸ್‌ಟ್ರೇಯಲ್ಲಿ ಹದ ಮಾಡಿದ ಚರ್ಮದಂಥ ಆಳದ ವಾಸನೆ ಹೆಚ್ಚು, ಹರಡುವುದು ಕಡಿಮೆ, ಮೈಗೆ ಅಂಟಿಕೊಂಡಂತೆ ಉಳಿಯುತ್ತದೆ. ಸಿಹಿ ಬೇಡ ಎನ್ನುವವರು ದುಬಾರಿಯದೇ ಇರಲಿ ಎಂದು ಇಡಿಪಿ ಕೊಂಡರೆ, ತಮಗೆ ಬೇಡವಾದದ್ದನ್ನೇ ದುಡ್ಡು ಹೆಚ್ಚು ಕೊಟ್ಟು ತಂದಂತೆ. ನಿಮಗೆ ಇಡಿಟಿ ಸರಿ.

ಶಾಲಿಮಾರ್ 1925ರದು, ಜಾಕ್ ಗೆರ್ಲಾಂ ಕೈಯದು. ಬರ್ಗಮೊಟ್, ಎಥೈಲ್ ವೆನಿಲ್ಲಿನ್, ಐರಿಸ್ ಗೆಡ್ಡೆ, ಟೊಂಕಾ ಬೀಜ, ನಮ್ಮ ಗುಗ್ಗುಳದ ಕುಲಕ್ಕೇ ಸೇರಿದ ಒಪೊಪೊನಾಕ್ಸ್ ಗೋಂದು, ತಳದಲ್ಲಿ ಹೊಗೆ ಹಿಡಿದ ಚರ್ಮ. ಎಥೈಲ್ ವೆನಿಲ್ಲಿನ್ ಮಾಮೂಲು ವೆನಿಲ್ಲಿನ್‌ಗಿಂತ ಮೂರು-ನಾಲ್ಕು ಪಟ್ಟು ಘಾಟು. ಅದಕ್ಕೆ ಎದುರಾಗಿ ನಿಲ್ಲಲೆಂದೇ ಅಷ್ಟೊಂದು ಬರ್ಗಮೊಟ್ ಸುರಿದಿದ್ದಾರೆ. ಹಾಗಾಗಿ ಮೊದಲ ಹತ್ತು ನಿಮಿಷ ಒಂದು ಕಡೆ ಹುಳಿ, ಇನ್ನೊಂದು ಕಡೆ ಟಾರಿನಂಥ ವಾಸನೆ, ಎರಡೂ ಹೊಂದಿಕೊಳ್ಳದೆ ಬಡಿದಾಡುತ್ತವೆ. ಬಹಳ ಜನ ಆ ಹತ್ತು ನಿಮಿಷ ಮೂಸಿಯೇ ಬೇಡವೆಂದು ಬಿಡುತ್ತಾರೆ. ಶಾಲಿಮಾರ್‌ನ ನಿಜವಾದ ಗುಣ ಕಾಣುವುದು ಒಂದೂವರೆ ಗಂಟೆಯ ಮೇಲೆ.

ನನ್ನ ಪಟ್ಟಿ ಚಿಕ್ಕದು. ನಿಮಗೆ ಮಿತ್ಸುಕೊ ಇಡಿಪಿ ಇಲ್ಲವೇ ಶಾಲಿಮಾರ್ ಇಡಿಟಿ. ಮನೆಯವರಿಗೆ ವೆಟಿವೇರ್, ಅದರಲ್ಲಿ ಚರ್ಚೆಗೆ ಜಾಗವೇ ಇಲ್ಲ.

ಕಡಲತಡಿ

ಉಡುಪಿಯ ಮೇ ತಿಂಗಳಿಗೆ ಮಿತ್ಸುಕೊ? ಒಪ್ಪಲಾರೆ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಚರ್ಮ ಸದಾ ಒದ್ದೆ, ಬಿಸಿ. ಅಂಥ ಮೈಮೇಲೆ ಮೇಲ್ಪದರದ, ಅಂದರೆ ಮೊದಲು ಮೂಗಿಗೆ ಬರುವ, ನಿಂಬೆ-ಕಿತ್ತಳೆ ಜಾತಿಯ ವಾಸನೆಗಳು ಕಾಲು ಗಂಟೆಯಲ್ಲಿ ಹಾರಿಹೋಗಿ, ತಳದ ಭಾರದ ವಾಸನೆಗಳು ಹೊತ್ತಿಗೆ ಮೊದಲೇ ಎದ್ದು ಬರುತ್ತವೆ. ಮಿತ್ಸುಕೊದ ಪೀಚ್ ಭಾಗ ಬೆವರಿನ ಜೊತೆ ಸೇರಿದರೆ ಕೊಳೆಯುವ ಹಣ್ಣಿನ ಕಡೆ ವಾಲುತ್ತದೆ. ಊರಿಗೆ ಆಕ್ವಾ ಅಲೆಗೋರಿಯಾ ಸಾಲಿನದು ಒಯ್ಯಿರಿ. 1999ರಲ್ಲಿ ಶುರುವಾದ ಸಾಲು ಅದು, ಬೆಲೆಯೂ ಕಡಿಮೆ. ಅದರಲ್ಲಿ ಹರ್ಬಾ ಫ್ರೆಸ್ಕಾ ಪುದೀನ, ಹಸಿ ಹುಲ್ಲು, ಗ್ರೀನ್ ಟೀ. ಮ್ಯಾಂಡರಿನ್ ಬೆಸಿಲಿಕ್ ಕಿತ್ತಳೆ ಮತ್ತು ಕಾಮಕಸ್ತೂರಿಯ ಎಲೆ. ಎರಡು-ಮೂರು ಗಂಟೆಗಿಂತ ಹೆಚ್ಚು ನಿಲ್ಲವು. ಹಾಗೆ ನಿಲ್ಲದಿರುವುದೇ ಸೆಕೆಯಲ್ಲಿ ಅನುಕೂಲ, ಸಂಜೆ ಸ್ನಾನ ಮಾಡಿ ಮತ್ತೆ ಹಾಕಿಕೊಂಡರಾಯಿತು.

ಅದೇ ಸಾಲಿನ ಪಾಂಪ್ಲಲ್ಯೂನ್ ಮಾತ್ರ ಮೈಮೇಲೆ ನೋಡದೆ ಕೊಳ್ಳಬೇಡಿ. ದ್ರಾಕ್ಷಿಹಣ್ಣಲ್ಲ, ಚಕ್ಕೋತದ ಸಂಬಂಧಿ ಗ್ರೇಪ್‌ಫ್ರೂಟಿನದು. ಗ್ರೇಪ್‌ಫ್ರೂಟಿಗೂ ಬ್ಲಾಕ್‌ಕರಂಟ್ ಮೊಗ್ಗಿಗೂ ಆ ವಾಸನೆ ಕೊಡುವುದು ಗಂಧಕದ ಅಂಶವಿರುವ ಅಣುಗಳು. ಕಾಗದದ ಮೇಲೆ ಹಿತವಾಗಿದ್ದದ್ದು ಕೆಲವರ ಮೈಮೇಲೆ ಬೆವರಿನಂತೆ, ಬೆಕ್ಕಿನ ಮೂತ್ರದಂತೆ ಬಡಿಯುತ್ತದೆ.

ರಸಾಯನ ಮೇಷ್ಟ್ರು

ಮಿತ್ಸುಕೊ ವಿಷಯದಲ್ಲಿ ಒಂದು ಸೇರಿಸಬೇಕು. 1919ರ ಸೃಷ್ಟಿ. ಅದರ ಪೀಚ್ ವಾಸನೆ ಗಾಮಾ ಅಂಡೆಕಲ್ಯಾಕ್ಟೋನ್‌ನಿಂದ. ವ್ಯಾಪಾರದಲ್ಲಿ ಅದನ್ನು ಆಲ್ಡಿಹೈಡ್ ಸಿ-14 ಎಂದು ಕರೆಯುತ್ತಾರೆ. ಅದು ಆಲ್ಡಿಹೈಡ್ ಅಲ್ಲ, ಇಂಗಾಲ ಇರುವುದೂ 11. ಪದಾರ್ಥಗಳ ಪಟ್ಟಿ ಓದುವವರು ಗೊಂದಲಕ್ಕೆ ಬೀಳದಿರಲೆಂದು ಹೇಳಿದೆ. ಆ ಹಣ್ಣನ್ನು ಹೊತ್ತು ನಿಂತಿರುವುದು ಓಕ್‌ಮಾಸ್. ಓಕ್ ಮರದ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವು ಅದು. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿಗೆ ಹತ್ತಿರದ ಜಾತಿ. ಬಿರಿಯಾನಿಗೆ ಹಾಕುವ ಕಲ್ಲುಹೂವನ್ನು ಅಂಗೈಯಲ್ಲಿ ತಿಕ್ಕಿ ಮೂಸಿ ನೋಡಿ, ಮಿತ್ಸುಕೊದ ತಳ ಅರ್ಧ ಅರ್ಥವಾಗುತ್ತದೆ.

ಈಗ ತೊಂದರೆ ಇರುವುದು ಅಲ್ಲೇ. ಓಕ್‌ಮಾಸ್‌ನಲ್ಲಿ ಅಟ್ರನಾಲ್, ಕ್ಲೋರೊಅಟ್ರನಾಲ್ ಎಂಬ ಎರಡು ಅಣುಗಳು ಚರ್ಮಕ್ಕೆ ತೀವ್ರ ಅಲರ್ಜಿ ತರುತ್ತವೆ. ಯುರೋಪಿಯನ್ ಒಕ್ಕೂಟ 2017ರಲ್ಲಿ ಇವನ್ನು ನಿಷೇಧಿಸಿತು. 2019ರ ಆಗಸ್ಟ್‌ನಿಂದ ಹೊಸ ಸರಕು ಮಾರುಕಟ್ಟೆಗೆ ಬರುವಂತಿಲ್ಲ, 2021ರ ಆಗಸ್ಟ್‌ನಿಂದ ಹಳೆ ಸರಕನ್ನೂ ಮಾರುವಂತಿಲ್ಲ. ಅದಕ್ಕೂ ಮುಂಚೆಯೇ ಉದ್ಯಮದ ಸ್ವಂತ ಮಿತಿಗಳು ಇದ್ದವು. ಹಾಗಾಗಿ ಇಪ್ಪತ್ತು ವರ್ಷದ ಹಿಂದಿನ ಮಿತ್ಸುಕೊ ವಿಮರ್ಶೆ ಓದಿ ಇಂದಿನ ಬಾಟಲಿ ಕೊಂಡರೆ ಲೆಕ್ಕ ತಪ್ಪುತ್ತದೆ. 2008ರಲ್ಲಿ ಕಂಪನಿಯ ಸುಗಂಧಕಾರರಾದ ಥಿಯೆರಿ ವಾಸೆರ್, ಆ ಅಣುಗಳನ್ನು ತೆಗೆದು ಶುದ್ಧಿ ಮಾಡಿದ ಓಕ್‌ಮಾಸ್ ಬಳಸಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಇಂದಿನ ಇಡಿಪಿ ಚೆನ್ನಾಗಿದೆ. ಹಳೆಯದರ ಶಾಯಿಯಂಥ ಕಹಿ ಅಷ್ಟು ಇಲ್ಲ, ಅಷ್ಟೇ.

ಬಕುಳ

ಹಾಗಾದರೆ ಹಳೆ ಸ್ಟಾಕು, ವಿಂಟೇಜ್ ಎಂದು ಆನ್‌ಲೈನಿನಲ್ಲಿ ಮಾರುವುದನ್ನು ಕೊಳ್ಳಬಹುದೇ ಮೇಷ್ಟ್ರೇ?

ರಸಾಯನ ಮೇಷ್ಟ್ರು

ಮೊದಲ ಬಾಟಲಿಯಾಗಿ ಬೇಡ. ಮೂರು ಕಾರಣ. ಮೇಲ್ಪದರದ ಬರ್ಗಮೊಟ್, ನಿಂಬೆಗಳಲ್ಲಿರುವ ಟರ್ಪೀನ್‌ಗಳು ಗಾಳಿಗೆ ಆಕ್ಸಿಡೀಕರಣಗೊಂಡು ಮೊದಲ ನಿಮಿಷಗಳಲ್ಲಿ ನೇಲ್‌ಪಾಲಿಶ್ ಅಥವಾ ಮುಗ್ಗಿದ ಎಣ್ಣೆಯ ವಾಸನೆ ಬರುತ್ತದೆ. ತಳ ಚೆನ್ನಾಗಿಯೇ ಇರಬಹುದು, ಆದರೆ ಗೆರ್ಲಾಂನಲ್ಲಿ ಬರ್ಗಮೊಟ್ ಕಳೆದುಕೊಂಡರೆ ಅರ್ಧ ಕೃತಿ ಹೋದಂತೆ. ಎರಡನೆಯದು, ಬಹಳ ಹಳೆಯ ಬಾಟಲಿಯ ಬರ್ಗಮೊಟ್‌ನಲ್ಲಿ ಬೆರ್ಗಾಪ್ಟೆನ್ ಇರಬಹುದು. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಕುತ್ತಿಗೆಯ ಮೇಲೆ ಹರಿದ ದಾರಿಯಲ್ಲೇ ಕಂದು ಕಲೆ ಬಿದ್ದು ತಿಂಗಳುಗಟ್ಟಲೆ ಉಳಿಯುತ್ತದೆ. ಇಂದಿನ ಬಾಟಲಿಗಳಲ್ಲಿ ಅದನ್ನು ತೆಗೆದ ಅಥವಾ ಮಿತಿಯಲ್ಲಿಟ್ಟ ಎಣ್ಣೆ ಬಳಸುತ್ತಾರೆ. ಮೂರನೆಯದು, ನಕಲಿ.

ಬಣ್ಣ ಕಂದಾಗಿದೆ ಎಂದ ಮಾತ್ರಕ್ಕೆ ಕೆಟ್ಟಿದೆ ಎನ್ನಬೇಡಿ. ವೆನಿಲ್ಲಿನ್ ಇರುವ ಯಾವುದೇ ಸುಗಂಧ ಕಾಲ ಕಳೆದಂತೆ ಕಂದು ತಿರುಗುತ್ತದೆ.

ಧಾರವಾಡದ ಮಳೆ

ಅಕ್ಕಾರ, ಬಣ್ಣದ ಮಾತು ಬಂತಂತ ಹೇಳ್ತೀನ್ರಿ. ಶಾಲಿಮಾರ್ ಆಗಲಿ ಗೆರ್ಲಾಂದ ಇನ್ನೊಂದು ಸುಗಂಧ ಅಬಿ ರೂಜ್ ಆಗಲಿ, ಬಿಳೀ ಅಂಗಿ ಮ್ಯಾಲೆ, ಧೋತರದ ಮ್ಯಾಲೆ ಹೊಡೀಬ್ಯಾಡ್ರಿ, ಹಳದಿ ಕಲೆ ಕುಂದ್ರತೈತಿ, ಒಗದ್ರ ಪೂರಾ ಹೋಗಂಗಿಲ್ಲ. ರೇಷ್ಮಿ ಸೀರಿಗಂತೂ ದೂರ ಇಡ್ರಿ. ಆಲ್ಕೋಹಾಲ್ ಬಿದ್ದಲ್ಲಿ ರೇಷ್ಮಿಗೆ ನೀರಿನ ಕಲೆಯಂಗ ಗೆರಿ ಬೀಳತಾವ, ಜರಿ ಮಂಕ ಆಗತೈತಿ. ಸೀರಿ ಉಡೂಕಿಂತ ಹತ್ತು-ಹದಿನೈದು ನಿಮಿಷ ಮೊದಲ ಮೈಗೆ ಹಚ್ಕೊಂಡು ಪೂರ್ತಿ ಆರಿದ ಮ್ಯಾಲೆ ಉಡ್ರಿ. ಬಟ್ಟಿ ಮ್ಯಾಲೇ ಬೇಕಂದ್ರ ಹತ್ತಿಯ ಗಾಢ ಬಣ್ಣದ ಒಳಮಗ್ಗಲಿಗೆ ಒಂದ ಸ್ಪ್ರೇ ಸಾಕು.

ನಮ್ಮ ಕಡೆ ಒಣಾ ಬಿಸಲ ನೋಡ್ರಿ, ಕಲಬುರಗಿ-ಬಳ್ಳಾರಿ ಕಡೆ ಇನ್ನೂ ಜಾಸ್ತಿ. ಚರ್ಮ ಒಣಗಿದ್ರ ವಾಸನಿ ಲಗೂ ಹಾರತೈತಿ. ಹಚ್ಚೂಕಿಂತ ಮೊದಲ ಕಡ್ಲಿಕಾಳಿನಷ್ಟು ವ್ಯಾಸಲಿನ್ ತಿಕ್ಕೋರಿ, ಇಲ್ಲಾ ವಾಸನಿ ಇಲ್ಲದ ಕ್ರೀಮ್. ಕೊಬ್ರಿ ಎಣ್ಣಿ ಬ್ಯಾಡ್ರಿ, ಅದರದ ವಾಸನಿ ಸೇರ್ಕೋತೈತಿ.

ಲಾವಂಚದ ಬೇರು

ಧಾರವಾಡದವರು ಹೇಳಿದ್ದು ನೂರಕ್ಕೆ ನೂರು ಸರಿ. ಕಡಲತಡಿ ಅವರ ಮಾತನ್ನೂ ಒಪ್ಪುತ್ತೇನೆ, ಮಿತ್ಸುಕೊ ಬೆಂಗಳೂರಿಗೆ, ಊರಿಗಲ್ಲ.

ವೆಟಿವೇರ್ ಬಗ್ಗೆ ಸ್ವಲ್ಪ ವಿವರ. 1959ರಲ್ಲಿ ಜಾನ್-ಪಾಲ್ ಗೆರ್ಲಾಂ ಮಾಡಿದ್ದು. ನಾವು ಬೇಸಿಗೆಯಲ್ಲಿ ಹೂಜಿಗೆ ಹಾಕುವ ಲಾವಂಚದ ಬೇರಿನ ತಂಪು ವಾಸನೆಯನ್ನೇ ನಿರೀಕ್ಷಿಸಿದರೆ ಸ್ವಲ್ಪ ಆಶ್ಚರ್ಯವಾದೀತು. ಇದರಲ್ಲಿ ಬೇರಿನ ಜೊತೆಗೆ ನಿಂಬೆ ಜಾತಿ, ಜಾಯಿಕಾಯಿ, ಕಾಳುಮೆಣಸು, ಒಣ ತಂಬಾಕು ಇವೆ. ಮಣ್ಣಿನ ವಾಸನೆಗಿಂತ ಇಸ್ತ್ರಿ ಮಾಡಿದ ಅಂಗಿಯ ಅಚ್ಚುಕಟ್ಟು ಹೆಚ್ಚು. ನಮ್ಮ ಹವೆಗೆ ಇಷ್ಟು ಚೆನ್ನಾಗಿ ಹೊಂದುವ ಇನ್ನೊಂದು ಗೆರ್ಲಾಂ ನನಗೆ ಗೊತ್ತಿಲ್ಲ. ಸೆಕೆಯಲ್ಲಿ ಕೆಡುವುದಿಲ್ಲ, ಮಳೆಗಾಲದಲ್ಲಿ ಇನ್ನೂ ಚೆನ್ನ. ಮೈಮೇಲೆ ನಾಲ್ಕೈದು ಗಂಟೆ, ಅಂಗಿಯ ಮೇಲೆ ಮರುದಿನದವರೆಗೂ ಇರುತ್ತದೆ. ಹೆಂಗಸರೂ ಧಾರಾಳವಾಗಿ ಹಾಕಿಕೊಳ್ಳಬಹುದು.

1965ರ ಅಬಿ ರೂಜ್ ಕೂಡ ಗಂಡಸರಿಗೆಂದು ಮಾಡಿದ್ದು, ಆದರೆ ಅದು ಶಾಲಿಮಾರ್‌ನ ತಮ್ಮ: ಕಿತ್ತಳೆ ಹೂವು, ವೆನಿಲ್ಲಾ, ಸಾಂಬ್ರಾಣಿ, ಚರ್ಮ, ಪೌಡರಿನಂಥ ಮುಗಿತಾಯ. ಡಿಸೆಂಬರ್-ಜನವರಿಯ ಬೆಂಗಳೂರಿಗೆ, ರಾತ್ರಿಯ ಆರತಕ್ಷತೆಗೆ ಸೊಗಸು. ಲೋ'ಮ್ ಇದೆಯಾಲ್ ಎಂಬ 2014ರದು ಬಾದಾಮಿಯ ಸಿಹಿ. ಕೌಂಟರಿನಲ್ಲಿ ಮೊದಲು ಅದನ್ನೇ ಮುಂದಿಡುತ್ತಾರೆ. ನಿಂಬೆ-ಲಾವಂಚ ಇಷ್ಟಪಡುವವರಿಗೆ ಅದು ಬೇಡ.

ಗಂಧದ ಚೆಕ್ಕೆ

ಯಾರೂ ‘ಸಂಸಾರಾ’ ಎತ್ತಲಿಲ್ಲವಲ್ಲ. 1989ರದು, ಶ್ರೀಗಂಧ ಮತ್ತು ಮಲ್ಲಿಗೆಯ ಮೇಲೆ ನಿಂತದ್ದು. ಮೊದಲಿನ ವರ್ಷಗಳಲ್ಲಿ ಅದರಲ್ಲಿ ಮೈಸೂರು ಶ್ರೀಗಂಧದ ಎಣ್ಣೆ ದೊಡ್ಡ ಪ್ರಮಾಣದಲ್ಲಿತ್ತು, ಜೊತೆಗೆ ಪಾಲಿಸ್ಯಾಂಟಾಲ್ ಎಂಬ ಕೃತಕ ಗಂಧ. ಆಮೇಲೆ ನಮ್ಮ ಕಾಡಿನ ಗಂಧ ಕಡಿಮೆಯಾಗುತ್ತ, ಬೆಲೆ ಏರುತ್ತ ಹೋಯಿತು. ಕರ್ನಾಟಕದಲ್ಲಿ ಖಾಸಗಿ ಜಮೀನಿನ ಗಂಧದ ಮರದ ಮೇಲೆ ಬೆಳೆದವನಿಗೆ ಹಕ್ಕು ಸಿಕ್ಕಿದ್ದೇ 2001ರ ತಿದ್ದುಪಡಿಯಲ್ಲಿ. ಅಲ್ಲಿಯವರೆಗೆ ಯಾರು ತಾನೇ ನೆಡುತ್ತಿದ್ದರು? ಇಂದಿನ ಸಂಸಾರಾದಲ್ಲಿ ಗಂಧದ ಭಾಗ ಬಹುಪಾಲು ಕೃತಕ. ಹಾಗೆಂದು ಕೆಟ್ಟದ್ದಲ್ಲ, ಆದರೆ ನಮ್ಮವರ ಮೂಗು ಬೇರೆ. 1916ರಲ್ಲಿ ಶುರುವಾದ ಮೈಸೂರಿನ ಸರ್ಕಾರಿ ಕಾರ್ಖಾನೆಯ ಗಂಧದೆಣ್ಣೆ ಒಂದು ಹನಿ ಮುಂಗೈಗೆ ಹಚ್ಚಿ ಗೊತ್ತಿರುವವರಿಗೆ, ಹಾಲಿನಂಥ ಆ ಕೆನೆ ಸಂಸಾರಾದಲ್ಲಿ ಸಿಗುವುದಿಲ್ಲ. ಗಂಧ ಬೇಕೆಂದರೆ ನಮ್ಮ ಎಣ್ಣೆಯನ್ನೇ ಕೊಳ್ಳಿ. ಪ್ಯಾರಿಸ್‌ನಿಂದ ತರುವುದಾದರೆ ಅಲ್ಲಿಯದೇ ಕೈಚಳಕ ಇರುವುದನ್ನು ತನ್ನಿ. ‘ಸಾಂತಾಲ್ ರಾಯಲ್’ ಹೆಸರು ನೋಡಿ ಮರುಳಾಗುವುದೂ ಬೇಡ, ಅದರಲ್ಲಿ ಊದ್ (ಅಗರು) ಮತ್ತು ಸಿಹಿ ಮುಂದೆ, ಗಂಧ ಹಿಂದೆ.

ಆ ಕೈಚಳಕ ಎಲ್ಲಿ ಕಾಣುತ್ತದೆ ಅಂದರೆ ಆಪ್ರೆ ಲೊಂದೇ (1906) ಮತ್ತು ಲರ್ ಬ್ಲೂ (1912) ಎರಡರಲ್ಲಿ. ಬಕುಳ ಅವರು ಇವನ್ನು ಮೂಸದೆ ಬರಬಾರದು. ಆಪ್ರೆ ಲೊಂದೇ ವಯೊಲೆಟ್, ಐರಿಸ್, ಸೋಂಪು, ನಡುವೆ ತೆಳುವಾದ ಬಾದಾಮಿ. ಸಿಹಿ ಇದ್ದರೂ ಗೊತ್ತಾಗದಷ್ಟು. ಮಳೆ ನಿಂತ ಮೇಲಿನ ತೋಟವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು, ಹೆಸರೂ ಅದೇ. ಲರ್ ಬ್ಲೂ ಅದಕ್ಕಿಂತ ದಟ್ಟ: ಕಿತ್ತಳೆ ಹೂವು, ಲವಂಗದ ಘಮದ ಕಾರ್ನೇಶನ್, ಹೀಲಿಯೊಟ್ರೋಪ್ ಹೂವು, ವೆನಿಲ್ಲಾ.

ಕಡಲತಡಿ

ಲರ್ ಬ್ಲೂ ಅದ್ಭುತ, ಆದರೆ ಎಸಿ ಆಫೀಸಿಗೆ ಎರಡು ಸ್ಪ್ರೇ ದಾಟಿದರೆ ಪಕ್ಕದ ಕುರ್ಚಿಯವರಿಗೆ ಕಷ್ಟ. ಆ ಸೋಂಪು-ಲವಂಗ ಎಲ್ಲರಿಗೂ ಆಗುವುದಿಲ್ಲ.

ಬಕುಳ

ಐರಿಸ್, ವಯೊಲೆಟ್ ಎಂದಾಗ ಒಂದು ಸಂದೇಹ. ಇಂಥವು ಹಾಕಿಕೊಂಡ ಅರ್ಧ ಗಂಟೆಗೆ ವಾಸನೆಯೇ ಇಲ್ಲ ಎಂದು ಬಹಳ ಜನ ಬರೆದಿರುತ್ತಾರೆ. ಅಷ್ಟು ದುಡ್ಡು ಕೊಟ್ಟು ಅರ್ಧ ಗಂಟೆ ಮಾತ್ರವೇ?

ರಸಾಯನ ಮೇಷ್ಟ್ರು

ವಾಸನೆ ಹೋಗಿರುವುದಿಲ್ಲ, ಮೂಗು ಸೋತಿರುತ್ತದೆ. ವಯೊಲೆಟ್ ವಾಸನೆ ಕೊಡುವ ಅಯೊನೋನ್‌ಗಳು ಮೂಗಿನ ಗ್ರಾಹಕಗಳನ್ನು ಬೇಗ ದಣಿಸುತ್ತವೆ. ಬಂತು, ಹೋಯಿತು, ಮತ್ತೆ ಬಂತು ಎನ್ನಿಸುವುದು ಅದಕ್ಕೇ. ದೊಡ್ಡ ಅಣುವಿನ ಕೃತಕ ಕಸ್ತೂರಿಗಳಲ್ಲಿ ಕೆಲವನ್ನು ಗ್ರಹಿಸಲಾಗದವರೂ ಬಹಳ ಮಂದಿ ಇದ್ದಾರೆ. ನಿಲ್ಲುವುದಿಲ್ಲ ಎಂದು ತೀರ್ಮಾನಿಸುವ ಮೊದಲು ಮೂರು ಗಂಟೆ ಬಿಟ್ಟು ಮನೆಯವರ ಮುಂದೆ ಮುಂಗೈ ಹಿಡಿದು ಕೇಳಿ. ಹತ್ತಿಯ ಕರವಸ್ತ್ರದ ಮೇಲೂ ಒಂದು ಸ್ಪ್ರೇ ಹಾಕಿ ಇನ್ನೊಂದು ಕೋಣೆಯಲ್ಲಿಟ್ಟು ಆಮೇಲೆ ಹೋಗಿ ಮೂಸಿ.

ಇಷ್ಟಾದರೂ ಆಪ್ರೆ ಲೊಂದೇ ನಿಜಕ್ಕೂ ಅಲ್ಪಾಯು, ಇಡಿಟಿ ಬೇರೆ. ಅದನ್ನು ಒಪ್ಪಿಕೊಂಡೇ ಕೊಳ್ಳಬೇಕು.

ಲಾವಂಚದ ಬೇರು

ಅಂಗಡಿಯ ಅರ್ಧ ದಿನವನ್ನು ಹೀಗೆ ಬಳಸಿ. ಬೆಳಿಗ್ಗೆಯೇ ಹೋಗಿ, ಅವತ್ತು ಮೈಗೆ ಬೇರೆ ಯಾವ ಸುಗಂಧವೂ, ವಾಸನೆಯ ಸೋಪೂ ಬೇಡ. ಮೊದಲು ಕಾಗದದ ಪಟ್ಟಿ, ಆರಕ್ಕಿಂತ ಹೆಚ್ಚಿಲ್ಲ. ಪ್ರತಿ ಪಟ್ಟಿಯ ಮೇಲೂ ಹೆಸರು, ಬಗೆ, ಗಂಟೆ ಬರೆದುಕೊಳ್ಳಿ. ಇಡಿಟಿಯೋ ಇಡಿಪಿಯೋ ಬರೆಯದಿದ್ದರೆ ಸಂಜೆಗೆ ಎಲ್ಲ ಕಲಸಿಹೋಗುತ್ತದೆ. ಸುಮಾರು 15 ಸೆಂ.ಮೀ. ದೂರದಿಂದ ಒಂದು ಸ್ಪ್ರೇ, ಆಲ್ಕೋಹಾಲ್ ಹಾರಲು ಅರ್ಧ ನಿಮಿಷ ಬಿಡಿ, ಮೂಗಿಗೆ ತಾಗಿಸದೆ ಮೂಸಿ. ಪಟ್ಟಿಗಳನ್ನು ಒಂದರ ಮೇಲೊಂದು ಇಡಬೇಡಿ, ಒಂದೇ ಕವರಿನಲ್ಲೂ ತುಂಬಬೇಡಿ. ಕಾಫಿ ಬೀಜ ಮೂಸಲು ಕೊಡುತ್ತಾರೆ, ಅದರಿಂದ ವಿಶೇಷ ಪ್ರಯೋಜನವಿಲ್ಲ. ನಿಮ್ಮದೇ ಮೊಣಕೈ ಒಳಭಾಗವನ್ನೋ ಬಟ್ಟೆಯನ್ನೋ ಮೂಸಿದರೆ ಮೂಗು ಸರಿಹೋಗುತ್ತದೆ, ಇಲ್ಲವೇ ಐದು ನಿಮಿಷ ಹೊರಗೆ ನಿಲ್ಲಿ.

ಆರರಲ್ಲಿ ಎರಡನ್ನು ಆರಿಸಿ ಎಡ ಮುಂಗೈಗೊಂದು, ಬಲ ಮುಂಗೈಗೊಂದು. ಉಜ್ಜಬೇಡಿ, ಉಜ್ಜಿದರೆ ಬಿಸಿಗೆ ಮೇಲ್ಪದರ ಬೇಗ ಹಾರುತ್ತದೆ. ಅಂಗಡಿಯಿಂದ ಹೊರಗೆ ಬಂದು ಊಟ ಮಾಡಿ, ನಡೆದಾಡಿ. ಕಾಲು ಗಂಟೆ, ಒಂದು ಗಂಟೆ, ನಾಲ್ಕು ಗಂಟೆ, ಈ ಮೂರು ಹೊತ್ತಿಗೆ ನೋಡಿ. ಗೆರ್ಲಾಂನ ಹಳೆಯ ಕೃತಿಗಳಿಗೆಲ್ಲ ತಳದಲ್ಲಿ ವೆನಿಲ್ಲಾ, ಟೊಂಕಾ, ಐರಿಸ್‌ಗಳ ಒಂದು ಮನೆತನದ ಮಿಶ್ರಣವಿದೆ, ಗೆರ್ಲಿನಾದ್ ಎನ್ನುತ್ತಾರೆ. ನಾಲ್ಕನೇ ಗಂಟೆಯಲ್ಲಿ ಉಳಿಯುವುದು ಅದೇ. ಅದು ಹಿಡಿಸದಿದ್ದರೆ ಹಳೆಯ ಗೆರ್ಲಾಂಗಳ ಬಹುಪಾಲು ನಿಮಗೆ ಹಿಡಿಸುವುದಿಲ್ಲ, ವೆಟಿವೇರ್ ಮತ್ತು ಆಕ್ವಾ ಅಲೆಗೋರಿಯಾ ಕಡೆ ಹೋಗಿ. ಪ್ಯಾರಿಸ್‌ನ ಚಳಿಯಲ್ಲಿ ನೋಡಿದ್ದು ಇಲ್ಲಿ ಇನ್ನಷ್ಟು ಸಿಹಿಯಾಗಿ, ಇನ್ನಷ್ಟು ಜೋರಾಗಿ ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅಲ್ಲಿ ಸಾಲದು ಎನ್ನಿಸಿದ್ದು ಇಲ್ಲಿ ಸರಿಹೋಗುತ್ತದೆ.

ಲಾರ್ ಎ ಲಾ ಮಾತಿಯೇರ್ ಎಂಬ ದುಬಾರಿ ಸಾಲಿನ ಹತ್ತಿರ ಕರೆದೊಯ್ಯುತ್ತಾರೆ, 2005ರಲ್ಲಿ ಬಂದದ್ದು. ಡೂಬ್ಲ್ ವನೀಲ್, ಟೊಂಕಾ ಇಂಪೀರಿಯಾಲ್ ಎಂಬವು ಬಹಳ ಪ್ರಸಿದ್ಧ. ರಮ್‌ನಲ್ಲಿ ನೆನೆದ ವೆನಿಲ್ಲಾ, ಜೇನು, ಬಾದಾಮಿ. ಚೆನ್ನಾಗಿವೆ, ಆದರೆ ಸಿಹಿ ಆಗದವರಿಗಲ್ಲ, ನಮ್ಮ ಏಪ್ರಿಲ್‌ಗೂ ಅಲ್ಲ. ಆ ಸಾಲಿನಲ್ಲಿ ನೀವು ನೋಡಬೇಕಾದ್ದು ಬುವಾ ದಾರ್ಮೆನಿ ಒಂದೇ: ಸಾಂಬ್ರಾಣಿ, ಧೂಪ, ಐರಿಸ್.

ಫ್ರಾಂಕ್‌ಫರ್ಟ್ ಕನ್ನಡಿಗ

ಕೊಳ್ಳುವ ಕಡೆಯದು ನನ್ನಿಂದ. ಫ್ರಾನ್ಸ್‌ನಲ್ಲಿ ಸುಗಂಧದ ಬೆಲೆಯಲ್ಲಿ ಶೇ. 20 ತೆರಿಗೆ ಸೇರಿರುತ್ತದೆ. ಯುರೋಪಿಯನ್ ಒಕ್ಕೂಟದ ಹೊರಗೆ ವಾಸಿಸುವವರು ಒಂದೇ ಕಂಪನಿಯ ಅಂಗಡಿಯಲ್ಲಿ 100 ಯೂರೋ ದಾಟಿದ ಖರೀದಿ ಮಾಡಿದರೆ ಅದರಲ್ಲಿ ಒಂದು ಭಾಗ ವಾಪಸು ಪಡೆಯಬಹುದು. ಮಧ್ಯದ ಕಂಪನಿಯ ಕಮಿಷನ್ ಕಳೆದು ಕೈಗೆ ಬರುವುದು ಸುಮಾರು ಶೇ. 12. ಪಾಸ್‌ಪೋರ್ಟ್ ಒಯ್ಯಿರಿ, ಬಿಲ್ ಮಾಡುವಾಗಲೇ ‘ದೇತಾಕ್ಸ್’ ಎಂದು ಕೇಳಿ ಫಾರಂ ತಗೊಳ್ಳಿ, ಆಮೇಲೆ ಕೇಳಿದರೆ ಕೊಡುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಲಗೇಜು ಕೊಡುವ ಮೊದಲು ಪಾಬ್ಲೊ ಎಂಬ ಯಂತ್ರಕ್ಕೆ ಫಾರಂನ ಬಾರ್‌ಕೋಡ್ ತೋರಿಸಿ ಹಸಿರು ಗುರುತು ಬಂದಿತೆಂದು ನೋಡಿಕೊಳ್ಳಿ. ಸುಂಕದವರು ವಸ್ತು ತೋರಿಸಿ ಎನ್ನಬಹುದು, ಹಾಗಾಗಿ ಅದಕ್ಕಿಂತ ಮೊದಲು ಸೂಟ್‌ಕೇಸಿನ ತಳಕ್ಕೆ ತುರುಕಬೇಡಿ. ಇಲ್ಲಿ ಲೆಕ್ಕಕ್ಕೆ ಬರುವುದು ವಾಸಸ್ಥಳ, ಪಾಸ್‌ಪೋರ್ಟಿನ ಬಣ್ಣವಲ್ಲ. ನನ್ನ ಹಾಗೆ ಜರ್ಮನಿಯಲ್ಲಿ ವಾಸವಿರುವವರಿಗೆ ಭಾರತದ ಪಾಸ್‌ಪೋರ್ಟ್ ಇದ್ದರೂ ಸಿಗುವುದಿಲ್ಲ.

ಚೆಕ್‌ಇನ್ ಲಗೇಜಿನಲ್ಲಿ ಒಂದೊಂದು ಬಾಟಲಿ 500 ಮಿ.ಲೀ. ಮೀರದೆ, ಪ್ರಸಾಧನ ವಸ್ತುಗಳೆಲ್ಲ ಸೇರಿ ತಲೆಗೆ 2 ಲೀಟರ್ ಒಳಗೆ ಇರಬೇಕು. ಬಾಟಲಿಯನ್ನು ಅದರ ಡಬ್ಬಿಯಲ್ಲೇ ಇಟ್ಟು, ಜಿಪ್ ಕವರಿನಲ್ಲಿ ಹಾಕಿ, ಬಟ್ಟೆಯ ನಡುವೆ ಇಡಿ. ಅಂಚೆ, ಕೊರಿಯರ್‌ನಲ್ಲಿ ಕಳಿಸುವ ಯೋಚನೆ ಬೇಡ. ಆಲ್ಕೋಹಾಲ್ ಇರುವುದರಿಂದ ಬೆಂಕಿ ಹೊತ್ತುವ ದ್ರವವೆಂದು ತಡೆಯುತ್ತಾರೆ.

ಬಕುಳ

ಎಲ್ಲರಿಗೂ ಧನ್ಯವಾದ. ಅವರಿಗೆ ವೆಟಿವೇರ್ ಎಂದು ಆಯಿತು. ನನಗೆ ಮೈಮೇಲೆ ನೋಡಲು ಮಿತ್ಸುಕೊ ಇಡಿಪಿ ಮತ್ತು ಆಪ್ರೆ ಲೊಂದೇ, ಪಟ್ಟಿಯ ಮೇಲೆ ಶಾಲಿಮಾರ್ ಇಡಿಟಿ, ಬುವಾ ದಾರ್ಮೆನಿ, ಹರ್ಬಾ ಫ್ರೆಸ್ಕಾ. ಎಕ್ಸ್‌ಟ್ರೇ ಬಗ್ಗೆ ಆಸೆ ಇನ್ನೂ ಇದೆ, ಆ ನೀಲಿ ಬಿರಡೆಯ ಶಾಲಿಮಾರ್ ಬಾಟಲಿಗಾಗಿ. ಬಾಟಲಿ ಯಾವ ಅಳತೆಯದು ತರಲಿ? ಮನೆಯಲ್ಲಿ ಎಲ್ಲಿಡಬೇಕು?

ಗಂಧದ ಚೆಕ್ಕೆ

ಒಂದು ಸ್ಪ್ರೇ ಅಂದರೆ ಸುಮಾರು 0.1 ಮಿ.ಲೀ. 50 ಮಿ.ಲೀ. ಬಾಟಲಿಯಲ್ಲಿ ಐದುನೂರು ಸ್ಪ್ರೇ. ದಿನಕ್ಕೆ ಮೂರು ಹಾಕಿದರೂ ಐದು ತಿಂಗಳ ಮೇಲೆ. ಇಡಿಪಿ ಚಿಕ್ಕ ಬಾಟಲಿ ಸಾಕು, ಆಫೀಸಿಗೆ ಎರಡೇ ಸ್ಪ್ರೇ, ಎದೆಯ ಮೇಲೊಂದು, ಕುತ್ತಿಗೆಯ ಹಿಂದೊಂದು. ವೆಟಿವೇರ್ ದಿನಾ ನಾಲ್ಕೈದು ಸ್ಪ್ರೇ ಬೇಡುತ್ತದೆ, ಅದನ್ನು ದೊಡ್ಡದೇ ತನ್ನಿ.

ಎಕ್ಸ್‌ಟ್ರೇ ಬಾಟಲಿಯ ಕತ್ತನ್ನು ತೆಳು ಪೊರೆ ಮತ್ತು ದಾರದಿಂದ ಕೈಯಲ್ಲೇ ಕಟ್ಟಿರುತ್ತಾರೆ. ದಾರ ಕತ್ತರಿಸಿ ಪೊರೆ ಪೂರ್ತಿ ತೆಗೆಯಬೇಕು, ಚೂರು ಉಳಿದರೆ ಬಿರಡೆ ಸರಿಯಾಗಿ ಕೂರದೆ ಸುಗಂಧ ಆವಿಯಾಗುತ್ತದೆ. ಬಿರಡೆಯಿಂದ ಮೈಗೆ ಹಚ್ಚಿ ಹಾಗೇ ಮುಚ್ಚಿದರೆ ಚರ್ಮದ ಜಿಡ್ಡು, ಬೆವರು ಒಳಗೆ ಸೇರುತ್ತವೆ. ಪ್ರತಿ ಸಲ ಒಣ ಹತ್ತಿ ಬಟ್ಟೆಯಲ್ಲಿ ಬಿರಡೆ ಒರೆಸಿ ಮುಚ್ಚಿ. ಬಾಟಲಿ ಮಲಗಿಸಬೇಡಿ.

ಇಡುವುದು ಬೀರುವಿನಲ್ಲಿ, ಡಬ್ಬಿಯ ಸಮೇತ. ಕಿಟಕಿ ಬಳಿಯ ಡ್ರೆಸಿಂಗ್ ಟೇಬಲ್, ಬಚ್ಚಲುಮನೆ, ಕಾರಿನ ಡ್ಯಾಶ್‌ಬೋರ್ಡ್ ಮೂರೂ ಬೇಡ. ಬಿಸಿಲೂ ದಿನವೂ ಏರಿಳಿಯುವ ಕಾವೂ ಕೆಡಿಸುತ್ತವೆ. ಪಡುವಣ ಗೋಡೆಗೆ ತಾಗಿದ ಬೀರು ಆಗಿದ್ದರೆ ಮೇ ತಿಂಗಳಲ್ಲಿ ಒಳಗೂ ಕಾಯುತ್ತದೆ, ಇನ್ನೊಂದು ಗೋಡೆಯ ಕಡೆಗೆ ಸರಿಸಿ. ನಿಂಬೆ ಜಾತಿಯ ಆಕ್ವಾ ಅಲೆಗೋರಿಯಾ ಎರಡು-ಮೂರು ವರ್ಷದಲ್ಲಿ ಮುಗಿಸುವಷ್ಟೇ ತನ್ನಿ. ಮಿತ್ಸುಕೊ, ಶಾಲಿಮಾರ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ತಡೆಯುತ್ತವೆ.

ಧಾರವಾಡದ ಮಳೆ

ಮತ್ತೊಂದ್ರಿ ಅಕ್ಕಾರ: ಡಬ್ಬಿ ತಳದಾಗ ಇರೋ ಬ್ಯಾಚ್ ನಂಬರೂ ಬಾಟಲಿ ತಳದಾಗ ಇರೋದೂ ಒಂದ ಐತೇನ ನೋಡ್ಕೊಂಡ ತಗೋರಿ. ಮುಂದ ಇಲ್ಲೇ ಊರಾಗ ಕೊಳ್ಳೂ ಮುಂದೂ ಅದ ಮಾಡ್ರಿ. ಹೊಂದಲಿಲ್ಲಂದ್ರ ಎಷ್ಟ ಸೋವಿ ಕೊಟ್ರೂ ಬಿಟ್ ಬಿಡ್ರಿ.